ಆ ಫೋಟೋದಲ್ಲಿ ಕುದುರೆಯೇ ಇಲ್ಲ, ಸಾರ್: ಕೆಜಿಎಫ್‌ನಿಂದ ಒಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರಿಗೆ,
ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, ಮೈಸೂರು

ನಮಸ್ಕಾರ.

ನಾನು ಕೆಜಿಎಫ್‌ನವನು. ರಾಬರ್ಟ್‌ಸನ್‌ಪೇಟೆಯಲ್ಲಿ ನಮ್ಮಪ್ಪ ಫೋಟೋ ಸ್ಟುಡಿಯೋ ಇಟ್ಟಿದ್ದರು. ಅವರ ನಂತರ ನಾನೂ ಅದೇ ಕೆಲಸಕ್ಕೆ ಕೂತೆ. ಪಾಸ್‌ಪೋರ್ಟ್ ಸೈಜ್ ಫೋಟೋ, ಮದುವೆ ಆಲ್ಬಂ, ಹಳೇ ಫೋಟೋ ರಿಪೇರಿ, ಇಷ್ಟೇ. ಅಪ್ಪ ಬಿಟ್ಟುಹೋದದ್ದರಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಒಳಗೆ 41 ಗಾಜಿನ ಪ್ಲೇಟು, ಅಂದರೆ ಹಳೇ ಕಾಲದ ನೆಗೆಟಿವ್. ಅವರಿಗಿಂತ ಮುಂಚೆ ಇಲ್ಲಿದ್ದ ಯಾರೋ ಫೋಟೋಗ್ರಾಫರ್ ಊರು ಬಿಡುವಾಗ ಕೊಟ್ಟುಹೋದದ್ದಂತೆ. ಗಣಿಯೊಳಗೆ ಏರ್ ಬ್ಲಾಸ್ಟ್ ಆಗಿ, ಅಂದರೆ ಒತ್ತಡಕ್ಕೆ ಬಂಡೆ ಸಿಡಿದು, ಮನೆ ಅಲುಗಾಡಿದಾಗ ಅಪ್ಪ ಮೊದಲು ಓಡುತ್ತಿದ್ದದ್ದು ಆ ಪೆಟ್ಟಿಗೆ ಕಡೆಗೆ, ನಮ್ಮ ಕಡೆಗಲ್ಲ. ಅಮ್ಮ ಕೊನೇವರೆಗೂ ಇದನ್ನು ಹೇಳಿ ಹೇಳಿ ಅವರನ್ನು ಚುಚ್ಚುತ್ತಿದ್ದರು.

ಆ 41ರಲ್ಲಿ ಒಂದರ ಕಥೆ ಹೇಳಬೇಕು.

ಎರಡು ವರ್ಷದ ಹಿಂದೆ ಒಂದು ಪ್ರದರ್ಶನಕ್ಕೆ ಆ ಪ್ಲೇಟಿನ ಪ್ರಿಂಟ್ ಕೊಟ್ಟೆ. ಯಾರು ನಡೆಸಿದ್ದು ಅಂತ ಹೇಳಲ್ಲ, ನಿಮ್ಮ ಇಲಾಖೆಯವರಂತೂ ಅಲ್ಲ. ಉದ್ಘಾಟನೆ ದಿನ ಹೋಗಿ ನೋಡಿದರೆ ಫೋಟೋ ಕೆಳಗೆ ದಪ್ಪ ಅಕ್ಷರದಲ್ಲಿ "ಮೈಸೂರು ಲ್ಯಾನ್ಸರ್ಸ್, 1914" ಅಂತ ಬರೆದಿತ್ತು. ಫ್ರೇಮಿಗೆ ಹೊಂದಲಿ ಅಂತ ಬಲಗಡೆ ಎರಡು ಬೆರಳಷ್ಟು ಕತ್ತರಿಸಿಯೂ ಬಿಟ್ಟಿದ್ದರು. ಹೇಳಿದೆ. "ಆಯ್ತು, ಸರಿ ಮಾಡ್ತೀವಿ" ಅಂದರು. ಮಾಡಲಿಲ್ಲ. ಈಗ ಅದೇ ಫೋಟೋ ಅದೇ ಹೆಸರು ಹೊತ್ತು ವಾಟ್ಸಾಪ್‌ನಲ್ಲಿ ಊರೂರು ಸುತ್ತುತ್ತಿದೆ. ಹೋದ ಆಗಸ್ಟ್ 15ರಂದು ನನಗೇ ನಾಲ್ಕು ಜನ ಕಳಿಸಿದರು. ನೋಡಿ ಹೆಮ್ಮೆ ಪಡಬೇಕಂತೆ.

ಮೈಸೂರು ಲ್ಯಾನ್ಸರ್ಸ್ ಬಗ್ಗೆ ನನಗೂ ಹೆಮ್ಮೆಯೇ. ಮಹಾರಾಜರ ಕುದುರೆ ಪಡೆ ಅದು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರು ಗೆದ್ದವರಲ್ಲಿ ನಮ್ಮವರೂ ಇದ್ದರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳು ಹೈದರಾಬಾದ್, ಮೈಸೂರು, ಜೋಧಪುರದ ಸವಾರರದ್ದು. ಅವರಿಗೆ ಇನ್ನೊಬ್ಬರ ಫೋಟೋ ಸಾಲ ಕೊಡಬೇಕಾದ ಅಗತ್ಯ ಇಲ್ಲ, ಅಲ್ವಾ?

ಈಗ ಫೋಟೋ ನೋಡಿ. ಮೂರು ಸಾಲು, 23 ಜನ. ಕುದುರೆ ಇಲ್ಲ, ಈಟಿ ಇಲ್ಲ, ಬೂಟಿಗೆ ಮುಳ್ಳಿನ ಚಕ್ರ ಇಲ್ಲ. ಲ್ಯಾನ್ಸರ್ಸ್ ಸವಾರರು ತಲೆಗೆ ಪೇಟ ಸುತ್ತುತ್ತಿದ್ದರು. ಇಲ್ಲಿ ಎಲ್ಲರ ತಲೆಯಲ್ಲೂ ಅಗಲ ಅಂಚಿನ ಹ್ಯಾಟು. ಮುಖಗಳೂ ಬಿಳಿಯರದ್ದು, ಆಂಗ್ಲೋ ಇಂಡಿಯನ್ನರದ್ದು. ಎದೆ ಮೇಲೆ ಅಡ್ಡಕ್ಕೆ ಚರ್ಮದ ಗುಂಡಿನ ಪಟ್ಟಿ ಇದೆ. ಅದನ್ನು ಕಂಡ ತಕ್ಷಣ ಕುದುರೆ ಸವಾರರು ಅಂದುಕೊಂಡಿರಬೇಕು. ಆ ಪಟ್ಟಿಯನ್ನು ಕಾಲಾಳುಗಳೂ ಹಾಕುತ್ತಿದ್ದರು. ಭೂತಗನ್ನಡಿ ಇಟ್ಟು ನೋಡಿದರೆ ಇಬ್ಬರ ಹೆಗಲ ಮೇಲಿನ ಲೋಹದ ಅಕ್ಷರ ಕಾಣುತ್ತೆ. ಇಂಗ್ಲಿಷಿನ "ಕೆ", ಪಕ್ಕದಲ್ಲಿ "ಜಿ". ಉಳಿದದ್ದು ಬಟ್ಟೆಯ ಮಡಿಕೆಯಲ್ಲಿ ಮುಚ್ಚಿಹೋಗಿದೆ. ನಮ್ಮೂರವರಿಗೆ ಅಷ್ಟು ಸಾಕು.

ಇದು ಕೋಲಾರ ಗೋಲ್ಡ್ ಫೀಲ್ಡ್ ಬೆಟಾಲಿಯನ್. ಪೂರ್ತಿ ಸೈನಿಕರಲ್ಲ, ಮೀಸಲು ಪಡೆ. ವಾರವೆಲ್ಲ ಗಣಿ ಕಂಪನಿಯಲ್ಲಿ ಎಂಜಿನಿಯರು, ಫೋರ್‌ಮನ್, ಗುಮಾಸ್ತ. ಬಿಡುವಾದಾಗ ಕವಾಯತು, ಗುರಿ ಹೊಡೆಯುವುದು, ವರ್ಷಕ್ಕೊಮ್ಮೆ ಕ್ಯಾಂಪು. ಮೊದಲು ಇಂಥವರನ್ನು ವಾಲಂಟಿಯರ್ ಅನ್ನುತ್ತಿದ್ದರು. 1917ರಲ್ಲಿ ಇಂಥ ಪಡೆಗಳನ್ನೆಲ್ಲ ಇಂಡಿಯನ್ ಡಿಫೆನ್ಸ್ ಫೋರ್ಸ್‌ಗೆ ಸೇರಿಸಿದರು. 1920ರ ಕಾಯ್ದೆ ಬಂದ ಮೇಲೆ ಆಕ್ಸಿಲಿಯರಿ ಫೋರ್ಸ್ ಆಯಿತು. ಅದಕ್ಕೆ ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು ಮಾತ್ರ ಸೇರಬಹುದಿತ್ತು. ಭಾರತೀಯರಿಗೆ ಅಂತ ಅದೇ ವರ್ಷ ಟೆರಿಟೋರಿಯಲ್ ಫೋರ್ಸ್ ಬೇರೆ ಮಾಡಿದರು. ಸ್ವಾತಂತ್ರ್ಯ ಬಂದಾಗ ಆಕ್ಸಿಲಿಯರಿ ಫೋರ್ಸ್ ಮುಚ್ಚಿಹೋಯಿತು. ಈಗಿನ ಟೆರಿಟೋರಿಯಲ್ ಆರ್ಮಿ 1949ರಲ್ಲಿ ಶುರುವಾದದ್ದು.

ಈ ಹೆಸರುಗಳ ಗೋಜಲು ಯಾಕೆ ಹೇಳಿದೆ ಅಂದರೆ, ಹೆಸರೇ ಅರ್ಧ ತಾರೀಖು. ಫೋಟೋದ ಹಿಂದೆ "ವಾಲಂಟಿಯರ್ಸ್" ಅಂತ ಇದ್ದರೆ ಒಂದು ಕಾಲ, "ಬೆಟಾಲಿಯನ್" ಅಂತ ಇದ್ದರೆ ಇನ್ನೊಂದು. ಆದರೆ ಜನ ಹಳೇ ಹೆಸರು ಬೇಗ ಬಿಡಲ್ಲ. ನಾವು ಇವತ್ತಿಗೂ ಗಣಿ ಕಂಪನಿಯ ಹೆಸರಲ್ಲೇ ಬಿಜಿಎಂಎಲ್ ಆಸ್ಪತ್ರೆ ಅನ್ನಲ್ವಾ, ಗಣಿ ಮುಚ್ಚಿ 2001ಕ್ಕೇ ಆಗಿಹೋದರೂ.

ಇನ್ನು ಆ 1914. ಫೋಟೋದ ವಯಸ್ಸು ಹಿಡಿಯೋದಕ್ಕೆ ನಮ್ಮ ಕಸುಬಿನಲ್ಲಿ ಒಂದೇ ಸೂತ್ರ. ಅದರಲ್ಲಿರುವ ಹಳೇ ವಸ್ತು ನೋಡಬೇಡ, ಹೊಸ ವಸ್ತು ಹುಡುಕು. ಅಜ್ಜನ ಕೋಟು ಮೊಮ್ಮಗ ಹಾಕಿಕೊಳ್ಳಬಹುದು. ಮೊಮ್ಮಗನ ಮೊಬೈಲು ಅಜ್ಜನ ಜೇಬಲ್ಲಿ ಇರೋಕಾಗಲ್ಲ. ಬಂದೂಕು ನೋಡಿ ವರ್ಷ ಹೇಳುವವರು ಎಡವುವುದು ಇಲ್ಲೇ. ಇಂಥ ಪಡೆಗಳಿಗೆ ಖಾಯಂ ಸೈನ್ಯ ಬಳಸಿಬಿಟ್ಟ ಬಂದೂಕು ಸಿಗುವುದು ಮಾಮೂಲು. ಬಂದೂಕು ಹಳೆಯದು, ಹಿಡಿದವನು ಹೊಸಬ.

ನಮ್ಮ ಫೋಟೋದಲ್ಲಿ ಹಿಂದೆ ಒಂದು ಕಂಬ ಇದೆ, ತಂತಿ ಇದೆ. ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂದದ್ದು 1902ರಲ್ಲಿ. ಹಾಗಾದರೆ ಅದರ ನಂತರ ಅಂತ ಕುಣಿದೆ. ಟೆಲಿಗ್ರಾಫ್ ಕಂಬ ಯಾಕಾಗಿರಬಾರದು ಅಂತ ಸ್ನೇಹಿತರೊಬ್ಬರು ಕೇಳಿದರು. ಕಂಬ ಕೈಬಿಟ್ಟೆ. ನಡುವೆ ಕೂತ ಆಫೀಸರ್ ಹೆಗಲ ಮೇಲೆ ಕಿರೀಟದ ಗುರುತು ಇದೆ. ವಿಕ್ಟೋರಿಯಾ ರಾಣಿ ಕಾಲದ ಕಿರೀಟಕ್ಕೆ ಮೇಲ್ಗಡೆ ನಡುವೆ ತಗ್ಗು ಇರುತ್ತೆ. 1901ರಲ್ಲಿ ರಾಣಿ ತೀರಿಕೊಂಡು ಮಗ ಪಟ್ಟಕ್ಕೆ ಬಂದ ಮೇಲೆ ಗುಮ್ಮಟದ ಹಾಗೆ ದುಂಡಗಾಯಿತು. ಇದು ದುಂಡಗಿನದು. ಸರಿ, ರಾಜನ ಕಾಲ. ಆದರೂ 1914 ಇನ್ನೂ ಉಳಿದುಕೊಂಡಿತ್ತು.

ಅದನ್ನು ಕೆಳಗಿಳಿಸಿದ್ದು ಅದೇ ಆಫೀಸರ್ ಎದೆಯ ಮೇಲಿನ ಎರಡು ರಿಬ್ಬನ್, ಅಂದರೆ ಮೆಡಲಿನ ಬಣ್ಣದ ಪಟ್ಟಿ. ಮೊದಲ ಸಲ ನೋಡಿದಾಗ ನನಗೂ ಗೊತ್ತಾಗಲಿಲ್ಲ. ಒಂದರ ನಡುವೆ ಕಪ್ಪು, ಅಂಚು ಬೆಳ್ಳಗೆ. ಇನ್ನೊಂದೂ ಹೆಚ್ಚು ಕಡಿಮೆ ಹಾಗೇ. ಅಂಥ ರಿಬ್ಬನ್ ಎಲ್ಲೂ ಸಿಗಲಿಲ್ಲ. ಆಮೇಲೆ ಅಪ್ಪ ಹೇಳುತ್ತಿದ್ದ ಮಾತು ನೆನಪಾಯಿತು. ಹಳೇ ಪ್ಲೇಟಿಗೆ ಕೆಂಪು ಬಣ್ಣ ಕಾಣಿಸಲ್ಲ. ಕೆಂಪು, ಕಿತ್ತಳೆ ಎರಡೂ ಕಪ್ಪಗೆ ಬರುತ್ತೆ. ನೀಲಿ ಬೆಳ್ಳಗಾಗಿಬಿಡುತ್ತೆ. ಮದುವೆಹೆಣ್ಣಿನ ಕೆಂಪು ಕುಂಕುಮ ಹಳೇ ಫೋಟೋದಲ್ಲಿ ಮಸಿ ಬೊಟ್ಟಿನ ಹಾಗೆ ಕಾಣುವುದೂ ಅದಕ್ಕೇ. ಆ ಕಣ್ಣಿಂದ ನೋಡಿದೆ. ನಡುವೆ ಕಿತ್ತಳೆ, ಆಚೀಚೆ ಬಿಳಿ, ಕಪ್ಪು, ಕೊನೆಗೆ ನೀಲಿ: ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್. ನಡುವೆ ಕೆಂಪು, ಎರಡೂ ಕಡೆ ಕಾಮನಬಿಲ್ಲು ಹರಡಿ ಅಂಚಿಗೆ ನೇರಳೆ: ವಿಕ್ಟರಿ ಮೆಡಲ್. ಎರಡೂ 1919ರಲ್ಲಿ ಬಂದವು. ಯುದ್ಧ ಗೆದ್ದ ಮೆಡಲನ್ನು ಯುದ್ಧ ಶುರುವಾದ ವರ್ಷವೇ ಹಾಕಿಕೊಂಡು ಕೂರೋಕಾಗುತ್ತಾ ಸಾರ್?

ಇನ್ನೂ ಸ್ವಲ್ಪ ಮುಂದೆ ಹೋದೆ. ಅದೇ ಪೆಟ್ಟಿಗೆಯ ಇನ್ನೊಂದು ಪ್ಲೇಟಿನಲ್ಲಿ ಏಳು ಜನ ಒಂದು ಬೆಳ್ಳಿ ಕಪ್ ಮುಂದೆ ಇಟ್ಟುಕೊಂಡಿದ್ದಾರೆ. ಕಪ್ ಮೇಲೆ ಕೆತ್ತಿದ 1926 ಚೆನ್ನಾಗಿ ಓದಲು ಬರುತ್ತೆ. ಅದರಲ್ಲಿ ಎಡಗಡೆ ನಿಂತ ಸೊಟ್ಟ ಮೂಗಿನವನ ತೋಳಿಗೆ ಎರಡು ಪಟ್ಟೆ. ನಮ್ಮ ಫೋಟೋದಲ್ಲಿ ಅವನೇ, ಅದೇ ಮೂಗು, ತೋಳಿಗೆ ಮೂರು ಪಟ್ಟೆ. ಪ್ರಮೋಷನ್ ಆಗಿದೆ. ಹಿಂಬಡ್ತಿ ಆಗಿ ಎರಡಕ್ಕೆ ಇಳಿದಿದ್ದರೆ ನನ್ನ ಲೆಕ್ಕ ತಲೆಕೆಳಗು, ಅದೂ ಹೇಳಿಬಿಡುತ್ತೇನೆ. ಅದಕ್ಕೇ ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ: "ಕೋಲಾರ ಗೋಲ್ಡ್ ಫೀಲ್ಡ್ ಬೆಟಾಲಿಯನ್, ಕೆಜಿಎಫ್. 1919ರ ನಂತರ, 1947ರೊಳಗೆ. ಬಹುಶಃ 1926ರ ಮೇಲೆ. ಆಧಾರ: ಹೆಗಲಿನ ಅಕ್ಷರ, ಆಫೀಸರ್ ರಿಬ್ಬನ್, ಇನ್ನೊಂದು ಪ್ಲೇಟಿನ ಸಾರ್ಜೆಂಟ್." ಉದ್ದ ಆಯಿತು, ಗೊತ್ತು.

ಹಾಗಾದರೆ 1914 ಎಲ್ಲಿಂದ ಬಂತು? ಕೇಳಿಕೊಂಡು ಹೋದೆ. ಪ್ರದರ್ಶನದವರಿಗೆ ಬೇರೊಬ್ಬ ಸಂಗ್ರಹಕಾರರು ಇದೇ ಫೋಟೋದ "ಒರಿಜಿನಲ್" ತೋರಿಸಿದ್ದರಂತೆ. ಅದರ ಹಿಂದೆ 1914 ಅಂತ ಬರೆದಿತ್ತಂತೆ. ಪಾಪ, ಅವರು ಒಳ್ಳೆಯವರು, ನನಗೂ ತೋರಿಸಿದರು. ಅಂಗಡಿಯಲ್ಲಿ ಕಳ್ಳನೋಟು ನೋಡುವ ನೇರಳೆ ಲೈಟು ಇರುತ್ತಲ್ಲ, ಅದನ್ನು ಜೇಬಲ್ಲಿ ಇಟ್ಟುಕೊಂಡು ಹೋಗಿದ್ದೆ. ಕತ್ತಲಲ್ಲಿ ಹಿಡಿದರೆ ಕಾಗದ ಬಿಳಿ ಪಂಚೆ ಹಾಗೆ ಫಳ ಅಂತ ಹೊಳೆಯಿತು. ಫೋಟೋ ಕಾಗದಕ್ಕೆ ಬಿಳುಪಿನ ರಾಸಾಯನಿಕ ಬೆರೆಸೋಕೆ ಶುರು ಮಾಡಿದ್ದು 1950ರ ದಶಕದಲ್ಲಿ. ಅಂದರೆ ಅದು ಆಮೇಲೆ ಯಾರೋ ತೆಗೆದ ಕಾಪಿ. ಹಿಂದಿನ 1914 ಬರೆದಿರುವುದು ಬಾಲ್‌ಪೆನ್ನಿನಲ್ಲಿ. ಬಾಲ್‌ಪೆನ್ನು ಅಂಗಡಿಗೆ ಬಂದದ್ದೇ 1940ರ ದಶಕದಲ್ಲಿ. ಯಾರೋ ಯಾವಾಗಲೋ ಅಂದಾಜಿಗೆ ಬರೆದದ್ದು ದಾಖಲೆ ಆಗಿ ಕೂತಿತ್ತು.

ಇಷ್ಟು ಹೇಳಿದ ಮೇಲೆ, ಕತ್ತರಿಸಿದ ಆ ಎರಡು ಬೆರಳ ಜಾಗಕ್ಕೆ ಬರುತ್ತೇನೆ. ನನಗೆ ಜಾಸ್ತಿ ಹೊಟ್ಟೆ ಉರಿದದ್ದು ಅದಕ್ಕೆ.

ಬಲಗಡೆ ಅಂಚಿನಲ್ಲಿ, ಸಾಲಿನಿಂದ ಆಚೆ, ಒಬ್ಬ ಮನುಷ್ಯ ನಿಂತಿದ್ದಾನೆ. ಬರಿಗಾಲು. ಮೊಣಕಾಲವರೆಗೆ ಎತ್ತಿ ಕಟ್ಟಿದ ಪಂಚೆ, ತಲೆಗೆ ಟವೆಲ್ಲು. ಎಡಗೈಯಲ್ಲಿ ಉದ್ದ ಹಿಡಿಯ ಸೌಟು. ಅಡುಗೆ ಮಧ್ಯೆ ಎದ್ದುಬಂದು ನೋಡುತ್ತಿದ್ದವನು ಫೋಟೋದೊಳಗೆ ಸಿಕ್ಕಿಬಿದ್ದಿದ್ದಾನೆ. ಪ್ಲೇಟ್ ತೊಳೆಯುವಾಗಿನ ಗೀರು ಒಂದು ಅವನ ಭುಜದ ಮೇಲೆ ಹಾದುಹೋಗಿದೆ.

ಈ ಫೋಟೋವನ್ನು ಅಂಗಡಿ ಮುಂದೆ ತೂಗುಹಾಕಿದ್ದಾಗ ಚಾಂಪಿಯನ್ ರೀಫ್ ಕಡೆಯ ಅಜ್ಜಿಯೊಬ್ಬರು ನಿಂತುಬಿಟ್ಟರು. ಸುಮ್ನೆ ನಿಂತೇ ಇದ್ದರು. ಆಮೇಲೆ ಅವನ ಮೇಲೆ ಬೆರಳಿಟ್ಟು ತಮಿಳಲ್ಲಿ "ಇದು ನಮ್ಮ ನೈನಾ" ಅಂದರು. ಅವರಪ್ಪ ದೊರೆಗಳ ಕ್ಯಾಂಪಿಗೆ ಅಡುಗೆಗೆ ಹೋಗುತ್ತಿದ್ದರಂತೆ. ಹೇಗೆ ಗುರುತು ಹಿಡಿದಿರಿ ಅಂದೆ. "ಎಡಗೈ ನೋಡು. ಎಡಗೈಲಿ ಬಡಿಸ್ತಾರೆ ಅಂತ ಮದುವೆಮನೆಗಳಲ್ಲಿ ಅವರನ್ನ ಕರೀತಿರಲಿಲ್ಲ. ದೊರೆಗಳಿಗೆ ಅದೆಲ್ಲ ಇರಲಿಲ್ಲ."

ಗಾಜಿನ ಪ್ಲೇಟು ಮಗುಚಿ ಇಟ್ಟು ಪ್ರಿಂಟ್ ಹಾಕಿದರೆ ಎಡ ಬಲ ಅದಲುಬದಲಾಗುತ್ತೆ. ಅದಕ್ಕೆ ಮತ್ತೆ ಆಫೀಸರ್ ಎದೆ ನೋಡಿದೆ. ರಿಬ್ಬನ್ ಎಡಗಡೆಯೇ ಇದೆ, ಇರಬೇಕಾದ ಜಾಗದಲ್ಲೇ. ಪ್ರಿಂಟ್ ಸರಿಯಾಗಿದೆ. ಸೌಟು ನಿಜವಾಗಿಯೂ ಎಡಗೈಯಲ್ಲೇ ಇದೆ. ಅವರೇ ಅಂತ ಕೋರ್ಟಿನಲ್ಲಿ ಸಾಬೀತು ಮಾಡೋಕಾಗಲ್ಲ. "ಮಗಳು ಗುರುತಿಸಿದಂತೆ" ಅಂತ ಬರೆಯಬಹುದು. ಆದರೆ ಬರೆಯೋಕೆ ಮೊದಲು ಅವರು ಫೋಟೋದಲ್ಲಿ ಉಳಿದಿರಬೇಕಲ್ಲ.

ಸಾರ್, ಇದನ್ನೆಲ್ಲ ನಿಮಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ಸರ್ಕಾರಿ ಮ್ಯೂಸಿಯಂನ ಪಟ್ಟಿಯಲ್ಲಿ ಏನಿರುತ್ತೋ ಅದನ್ನೇ ಉಳಿದವರು ನಕಲು ಮಾಡುತ್ತಾರೆ. ನೀವು ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಹಳೇ ಫೋಟೋ ಕೆಳಗೆ ವರ್ಷ ಬರೆಯುವವರು ಯಾವ ಆಧಾರದ ಮೇಲೆ ಅಂತ ಒಂದು ಸಾಲು ಬರೆಯಲೇಬೇಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಬರೆಯಲಿ, ಅದರಲ್ಲಿ ಮರ್ಯಾದೆ ಹೋಗುವಂಥದ್ದೇನಿಲ್ಲ. ಅಂಚು ಕತ್ತರಿಸಬಾರದು. ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಮಾಡಬೇಕು, ಸ್ಟುಡಿಯೋ ಸೀಲು ಇರುವುದು ಅಲ್ಲೇ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಈಚಿನದು ಅಂತ ಮಕ್ಕಳೂ ಹೇಳಬಹುದು. ಮತ್ತೆ ದಯವಿಟ್ಟು ಯಾರೂ ಲ್ಯಾಮಿನೇಷನ್ ಮಾಡಿಸಬಾರದು. ಒಂದು ಸಲ ಬಿಸಿ ಪ್ಲಾಸ್ಟಿಕ್ ಅಂಟಿದರೆ ಅದನ್ನು ಬಿಡಿಸೋಕೆ ನನ್ನಿಂದಲೂ ಆಗಲ್ಲ, ಯಾರಿಂದಲೂ ಆಗಲ್ಲ.

ಇನ್ನೊಂದು ಕೇಳಿಕೆ. ನಿಮ್ಮವರು ಇಬ್ಬರು ಎರಡು ದಿನ ಕೆಜಿಎಫ್‌ಗೆ ಬರಲಿ. ಒಬ್ಬರಿಗೆ ತಮಿಳು ಬರಬೇಕು, ಇಲ್ಲಿ ಅದಿಲ್ಲದೆ ನಡೆಯಲ್ಲ. ಮಾರಿಕುಪ್ಪಂ, ಊರಿಗಾಂ, ಚಾಂಪಿಯನ್ ರೀಫ್ ಲೈನುಗಳಲ್ಲಿ, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ, ಇನ್ನೂ ಟ್ರಂಕಿನ ತಳದಲ್ಲಿ ಫೋಟೋಗಳಿವೆ. ಆಂಗ್ಲೋ ಇಂಡಿಯನ್ ಕುಟುಂಬಗಳು ತುಂಬಾ ಆಸ್ಟ್ರೇಲಿಯಾ, ಇಂಗ್ಲೆಂಡ್ ಸೇರಿಕೊಂಡವು. ಸಾಲಿನೊಳಗೆ ಕೂತವರ ಹೆಸರು ಅಲ್ಲಿ ಸಿಗಬಹುದು, ಅದಕ್ಕೆ ಇಮೇಲ್ ಸಾಕು. ಸಾಲಿನಾಚೆ ನಿಂತವರ ಹೆಸರು ಹೇಳುವವರು ಇಲ್ಲೇ ಇದ್ದಾರೆ. ಆ ಅಜ್ಜಿಗೆ ಈಗ ಒಂದು ಕಣ್ಣು ಮಂಜಾಗಿದೆ.

ಪ್ಲೇಟುಗಳನ್ನು ಕೊಡೋಕೆ ನಾನು ತಯಾರಿದ್ದೇನೆ. ದುಡ್ಡು ಬೇಡ. ರಸೀದಿ ಬೇಕು, ಅದರಲ್ಲಿ 41 ಅಂತ ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿರಬೇಕು. ಬರುವವರು ಹತ್ತಿಯ ಕೈಗವಸು ತರಲಿ. ನನ್ನ ಹತ್ತಿರ ಇರುವುದು ಒಂದೇ ಜೊತೆ.

ಇಂತಿ ತಮ್ಮ ವಿಶ್ವಾಸಿ,
ರಾಬರ್ಟ್‌ಸನ್‌ಪೇಟೆಯ ಒಬ್ಬ ಫೋಟೋ ಅಂಗಡಿಯವನು