‘ಇನಫ್’ ಎಂದರೆ ಎಷ್ಟು?

ಪ್ರಿಯ ಕಿರಿಯ ಮಿತ್ರರೇ,

ನೀವು ಕಳುಹಿಸಿದ ಅನುವಾದದ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಕಥೆಯ ಓಟ ಎಲ್ಲಿಯೂ ಕುಂಟುವುದಿಲ್ಲ. ಮಾತುಕತೆಯ ಭಾಗಗಳಲ್ಲಿ ನಿಮ್ಮ ಕಿವಿ ಎಷ್ಟು ಸೂಕ್ಷ್ಮವೆಂಬುದು ತಿಳಿಯುತ್ತದೆ. ಆದರೆ ಒಂದು ಪುಟ್ಟ ಪದ ನಿಮ್ಮನ್ನು ಮತ್ತೆ ಮತ್ತೆ ಎಡವಿಸಿದೆ, ಈ ಪತ್ರ ಅದರ ಕುರಿತಾದದ್ದು. ಇಂಗ್ಲಿಷಿನ ‘ಇನಫ್’ ಬಂದಲ್ಲೆಲ್ಲ ನೀವು ‘ಸಾಕಷ್ಟು’ ಎಂದು ಬರೆದಿದ್ದೀರಿ.

ನಿಘಂಟು ಹಾಗೆಯೇ ಹೇಳುತ್ತದೆ, ಒಪ್ಪಿದೆ. ಆದರೆ ಇಂದಿನ ಕನ್ನಡದಲ್ಲಿ ‘ಸಾಕಷ್ಟು’ ತನ್ನ ಮೂಲದ ಅಳತೆಯನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟು ‘ಬಹಳ’ದ ಕಡೆಗೆ ಸರಿದುಬಿಟ್ಟಿದೆ. ‘ಸಭೆಗೆ ಸಾಕಷ್ಟು ಜನ ಬಂದಿದ್ದರು’ ಎಂದರೆ ತುಂಬ ಜನ ಬಂದಿದ್ದರು ಎಂದೇ ನಾವು ಗ್ರಹಿಸುತ್ತೇವೆ. ‘ಇನಫ್’ನಲ್ಲಿ ಈ ಸಮೃದ್ಧಿಯ ಭಾವ ಇರಲೇಬೇಕೆಂದಿಲ್ಲ. ಅದು ಒಂದು ಅಗತ್ಯದ ಗೆರೆಯನ್ನು ಮುಟ್ಟಿದೆಯೇ ಇಲ್ಲವೇ ಎಂಬುದನ್ನಷ್ಟೇ ಹೇಳುತ್ತದೆ. ಆದ್ದರಿಂದ ಆ ಪದ ಕಂಡೊಡನೆ ‘ಯಾತಕ್ಕೆ ಸಾಕು?’ ಎಂದು ಕೇಳಿಕೊಳ್ಳಿ. ಉತ್ತರ ಕೆಲವೊಮ್ಮೆ ಅದೇ ವಾಕ್ಯದಲ್ಲಿರುತ್ತದೆ, ಕೆಲವೊಮ್ಮೆ ಹಿಂದಿನ ಪುಟದಲ್ಲಿ ಅಡಗಿರುತ್ತದೆ.

ನಿಮ್ಮ ಮೂರನೆಯ ಅಧ್ಯಾಯದಲ್ಲಿ ‘ಅವಳ ಬಳಿ ಸಾಕಷ್ಟು ಹಣವಿರಲಿಲ್ಲ’ ಎಂದಿದೆ. ಹೆಚ್ಚು ಹಣವಿರಲಿಲ್ಲವೋ, ಪ್ರಯಾಣಕ್ಕೆ ಬೇಕಾದಷ್ಟು ಇರಲಿಲ್ಲವೋ? ‘ಅವಳ ಬಳಿಯಿದ್ದ ಹಣ ಸಾಲಲಿಲ್ಲ’ ಎಂದಿದ್ದರೆ ಸಂದೇಹವೇ ಇರುತ್ತಿರಲಿಲ್ಲ. ಇಂಗ್ಲಿಷ್ ಒಂದು ವಿಶೇಷಣಕ್ಕೆ ವಹಿಸುವ ಕೆಲಸವನ್ನು ಕನ್ನಡ ‘ಸಾಲು’ ಎಂಬ ಕ್ರಿಯಾಪದಕ್ಕೆ ವಹಿಸುತ್ತದೆ. ಹಳಗನ್ನಡದ ‘ಸಾಲ್ಕುಂ’ ಸವೆದು ಬಂದದ್ದೇ ನಮ್ಮ ‘ಸಾಕು’. ಅದರ ನಿಷೇಧರೂಪ ಇಂದಿಗೂ ‘ಸಾಲದು’ ಎಂದಿರುವುದು ಆ ಬೇರಿನ ಗುರುತು. ಇಷ್ಟು ಹಳೆಯ, ಇಷ್ಟು ಗಟ್ಟಿಯಾದ ಕ್ರಿಯಾಪದವೊಂದು ಕೈಯಲ್ಲಿರುವಾಗ ನಾವು ಅದನ್ನು ಮರೆತು ಬರೆಯುವುದು ನನಗೆ ನಿಜಕ್ಕೂ ನೋವು ತರುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಗುಣವಾಚಕಗಳಲ್ಲಿದೆ. ‘ಅವನು ಬಂಡೆಯನ್ನು ಎತ್ತಲು ಸಾಕಷ್ಟು ಬಲಶಾಲಿಯಾಗಿದ್ದ’ ಎಂಬ ನಿಮ್ಮ ವಾಕ್ಯ ಕನ್ನಡದ ಲಿಪಿಯಲ್ಲಿದೆ, ಆದರೆ ಅದರ ನಡಿಗೆ ಕನ್ನಡದ್ದಲ್ಲ. ‘ಬಂಡೆಯನ್ನು ಎತ್ತುವಷ್ಟು ಬಲ ಅವನಲ್ಲಿತ್ತು’ ಎಂದು ಓದಿ ನೋಡಿ. ಇಲ್ಲಿ ‘ಅಷ್ಟು’ ಎಂಬ ಪ್ರತ್ಯಯದಂಥ ರೂಪವೊಂದೇ ಅಳತೆಯನ್ನೂ ಉದ್ದೇಶವನ್ನೂ ಒಟ್ಟಿಗೆ ಹೊರುತ್ತದೆ, ‘ಸಾಕು’ ಎಂಬ ಪದಕ್ಕೆ ಕೆಲಸವೇ ಉಳಿಯುವುದಿಲ್ಲ.

ಇಂಗ್ಲಿಷಿನಲ್ಲಿ ಈ ಪದ ಸಾಮಾನ್ಯವಾಗಿ ನಾಮಪದಕ್ಕಿಂತ ಮೊದಲು ಬರುತ್ತದೆ, ಗುಣವಾಚಕವಾದರೆ ಅದರ ನಂತರ ನಿಲ್ಲುತ್ತದೆ. ಈ ಜಾಗದ ವ್ಯತ್ಯಾಸ ಅರ್ಥವನ್ನೇ ಬದಲಿಸಬಲ್ಲದು: ‘ಬಿಗ್ ಇನಫ್ ಬಾಕ್ಸಸ್’ ಎಂದಾಗ ಸಾಲುವುದು ಪೆಟ್ಟಿಗೆಗಳ ಗಾತ್ರ, ‘ಇನಫ್ ಬಿಗ್ ಬಾಕ್ಸಸ್’ ಎಂದಾಗ ಸಾಲುವುದು ದೊಡ್ಡ ಪೆಟ್ಟಿಗೆಗಳ ಸಂಖ್ಯೆ. ‘ಸಾಕಷ್ಟು ದೊಡ್ಡ ಪೆಟ್ಟಿಗೆಗಳು’ ಎಂದು ನೀವು ಬರೆದಿರುವುದು ಎರಡಕ್ಕೂ ಹೊಂದುತ್ತದೆ, ಅದೇ ಅದರ ದೋಷ. ಸಾಮಾನುಗಳೆಲ್ಲ ಹಿಡಿಸುವಷ್ಟು ದೊಡ್ಡ ಪೆಟ್ಟಿಗೆಗಳು ಎಂದೋ, ದೊಡ್ಡ ಪೆಟ್ಟಿಗೆಗಳು ಬೇಕಾದಷ್ಟಿದ್ದವು ಎಂದೋ ಬಿಡಿಸಿ ಹೇಳಲೇಬೇಕು.

ಇನ್ನು ಕೆಲವೆಡೆ ಈ ಪದಕ್ಕೆ ಅಳತೆಯ ಸಂಬಂಧ ಬಹಳ ತೆಳುವಾಗಿರುತ್ತದೆ. ‘ಆಡ್ಲಿ ಇನಫ್’ ಎಂಬುದನ್ನು ನನ್ನ ಮೊದಲ ಅನುವಾದದಲ್ಲಿ ನಾನು ‘ಸಾಕಷ್ಟು ವಿಚಿತ್ರವಾಗಿ’ ಎಂದು ಬರೆದಿದ್ದೆ, ಅದು ಹಾಗೆಯೇ ಅಚ್ಚಾಯಿತು. ‘ವಿಚಿತ್ರವೆಂದರೆ’ ಎಂದರೆ ಮುಗಿಯುತ್ತಿತ್ತು. ‘ಶ್ಯೂರ್ ಇನಫ್’ಗೆ ‘ಅಂದುಕೊಂಡಂತೆಯೇ’ ಒಪ್ಪುತ್ತದೆ. ‘ಫೇರ್ ಇನಫ್’ನಲ್ಲಿ ಪೂರ್ಣ ಸಮ್ಮತಿಗಿಂತ ಒಂದು ಗುಲಗಂಜಿ ಕಡಿಮೆಯ ಸಮ್ಮತಿ ಇರಬಹುದು, ‘ಸರಿ, ಆಗಲಿ’ ಎಂಬ ಮಾತು ಅದನ್ನು ಹಿಡಿಯುತ್ತದೆ. ಹಾಡುಗಾರ್ತಿಯೊಬ್ಬಳು ‘ವೆಲ್ ಇನಫ್’ ಹಾಡಿದಳು ಎಂದಲ್ಲಿ ನೀವು ‘ಸಾಕಷ್ಟು ಚೆನ್ನಾಗಿ’ ಎಂದು ಹೊಗಳಿಬಿಟ್ಟಿದ್ದೀರಿ. ಆ ಸನ್ನಿವೇಶದಲ್ಲಿ ಲೇಖಕನದು ಅರೆಮನಸ್ಸಿನ ಮೆಚ್ಚುಗೆ. ‘ಪರವಾಗಿಲ್ಲ’ ಎನ್ನುವ ನಮ್ಮ ಮಾತಿನ ತೂಕವೇ ಅಲ್ಲಿ ಬೇಕು.

ಕೊನೆಯ ಪುಟದ ಬಗ್ಗೆ ಒಂದು ಮಾತು. ಅಲ್ಲಿ ನಾಯಕಿ ಕಿಟಕಿಯ ಬಳಿ ನಿಂತು ಆ ಒಂದೇ ಪದವನ್ನು ನುಡಿಯುತ್ತಾಳೆ. ನೀವು ಅದನ್ನು ‘ಈಗ ನನಗೆ ಸಾಕಷ್ಟು ತೃಪ್ತಿಯಾಗಿದೆ’ ಎಂದು ಬೆಳೆಸಿದ್ದೀರಿ. ಅವಳು ತೃಪ್ತಿಯಿಂದ ಹೇಳಿದಳೋ, ಬೇಸತ್ತು ಹೇಳಿದಳೋ ಎಂಬುದನ್ನು ಮೂಲಲೇಖಕ ಬೇಕೆಂದೇ ತೆರೆದಿಟ್ಟಿದ್ದಾನೆ. ಉಂಡು ಕೈ ಅಡ್ಡ ಹಿಡಿಯುವವರೂ, ಜಗಳದಿಂದ ಬಳಲಿದವರೂ ನಮ್ಮಲ್ಲಿ ಹೇಳುವುದು ಒಂದೇ ಮಾತನ್ನು. ಆ ವಾಕ್ಯವನ್ನೆಲ್ಲ ಹೊಡೆದುಹಾಕಿ, ‘ಸಾಕು’ ಎಂದಷ್ಟೇ ಬರೆದು ನನಗೆ ಮತ್ತೊಮ್ಮೆ ಕಳುಹಿಸಿ.

ನಿಮ್ಮ ಹಿತೈಷಿ