ಗಿಫ್ಟ್ ಅಂದ ಕೂಡಲೇ ಕೈ ಚಾಚಬೇಡ

ಪ್ರೀತಿಯ ಪುಟ್ಟಿಗೆ,

ನೀನು ಜರ್ಮನ್ ಕ್ಲಾಸಿಗೆ ಸೇರಿದ್ದು ಕೇಳಿ ತುಂಬ ಖುಷಿಯಾಯಿತು. ಇಂಗ್ಲಿಷ್ ಬರುತ್ತಲ್ಲ, ಅರ್ಧ ಪದಗಳನ್ನು ಸುಮ್ನೆ ಊಹಿಸಬಹುದು ಅಂತ ಬರೆದಿದ್ದೀಯ. ಅದೊಂದು ಮಾತ್ರ ಬೇಡ.

ಗಿಫ್ಟ್ ಅನ್ನೋ ಪದವನ್ನೇ ತಗೋ. ಜರ್ಮನಿಯಲ್ಲಿ ಅದು ವಿಷ. ಲ್ಯಾಬಿನ ಬಾಟಲಿಯ ಮೇಲೆ ತಲೆಬುರುಡೆ ಚಿತ್ರದ ಜೊತೆ ಆ ಪದ ಕಂಡರೆ ಮುಟ್ಟುವ ಹಾಗಿಲ್ಲ. ವಿಷ ಹೊಟ್ಟೆಗೆ ಹೋದಾಗ ಫೋನ್ ಮಾಡುವ ತುರ್ತು ಸೇವೆಗೂ ಗಿಫ್ಟ್‌ನೋಟ್‌ರುಫ್ ಅಂತಲೇ ಹೆಸರು. ಸ್ವೀಡನ್ನಿಗೆ ಹೋದರೆ ಅದೇ ಅಕ್ಷರಗಳನ್ನು ಯಿಫ್ಟ್ ಅಂತ ಓದುತ್ತಾರೆ. ಅಲ್ಲಿ ವಿಷವೂ ಹೌದು, ಮದುವೆಯಾದವರು ಅಂತಲೂ ಹೌದು! ಡೆನ್ಮಾರ್ಕ್, ನಾರ್ವೆಯಲ್ಲೂ ಆ ಪದಕ್ಕೆ ಈ ಎರಡೂ ಅರ್ಥ.

ಇವು ಆಕಸ್ಮಿಕವಾಗಿ ಒಂದೇ ಥರ ಕಾಣುವ ಪದಗಳಲ್ಲ, ಒಂದೇ ಬೇರಿನವು. ಬೇರಿನ ಅರ್ಥ 'ಕೊಡು'. ಹಳೆಯ ಇಂಗ್ಲಿಷಿನಲ್ಲಿ ಗಿಫ್ಟ್ ಅಂದರೆ ವಧುವಿಗಾಗಿ ಕೊಡುವ ತೆರ, ಬಹುವಚನದಲ್ಲಿ ಮದುವೆ. ಸ್ವೀಡನ್ನಿನವರ ಅರ್ಥ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ವಾ?

ವಿಷದ ಕಥೆ ಇನ್ನೂ ಚೆನ್ನಾಗಿದೆ. ಡಾಕ್ಟರು ಡೋಸ್ ಅನ್ನುತ್ತಾರಲ್ಲ, ಅದು ಗ್ರೀಕಿನ ದೋಸಿಸ್. ಅದಕ್ಕೂ 'ಕೊಡೋದು' ಅಂತಲೇ ಅರ್ಥ. ಕೊಡುವ ಔಷಧಿಯ ಅಳತೆಗೆ ಆ ಹೆಸರು ಬಂತು. ಅದರ ಜಾಡಿನಲ್ಲೇ ಜರ್ಮನ್ನರ ಗಿಫ್ಟ್ ಕೂಡ ಕೊಡುವ ಔಷಧಿಯಾಗಿ, ಆಮೇಲೆ ವಿಷವಾಯಿತು. ವಿಷ ಅಂತ ನೇರವಾಗಿ ಹೇಳೋಕೆ ಜನ ಹಿಂಜರಿಯುತ್ತಾರೆ. ನಮ್ಮ 'ಮದ್ದು' ನೋಡು, ಕೆಮ್ಮಿಗೂ ಮದ್ದು, ಆಗದವರಿಗೆ ಊಟದಲ್ಲಿ ಹಾಕಿದ್ದೂ ಮದ್ದು.

ಹಾಗಂತ ಹಳೆಯ ಅರ್ಥ ಪೂರ್ತಿ ಹೋಗಿಲ್ಲ. ಜರ್ಮನ್ನಿನ ಮಿಟ್‌ಗಿಫ್ಟ್ ನಮ್ಮ ಬಳುವಳಿಯೇ: ಮಗಳ ಜೊತೆ ಕೊಟ್ಟು ಕಳಿಸಿದ್ದು. ಇಲ್ಲೊಂದು ಸೂಕ್ಷ್ಮ ಗಮನಿಸು. ಜರ್ಮನ್ನಿನಲ್ಲಿ ನಾಮಪದದ ಹಿಂದೆ ಅದರ ಲಿಂಗ ತೋರಿಸೋಕೆ ಡೇರ್, ಡೀ, ಡಾಸ್ ಅಂತ ಒಂದು ಪುಟ್ಟ ಪದ ಸೇರಿಸುತ್ತಾರೆ. ವಿಷಕ್ಕೆ 'ಡಾಸ್' ಗಿಫ್ಟ್, ಬಳುವಳಿಗೆ 'ಡೀ' ಮಿಟ್‌ಗಿಫ್ಟ್. ಡಚ್ಚರೂ ಎರಡನ್ನೂ ಬೇರೆ ಮಾಡಿಕೊಂಡಿದ್ದಾರೆ: ಕೊಡುಗೆಗೆ 'ಡೆ ಗಿಫ್ಟ್', ವಿಷಕ್ಕೆ 'ಹೆಟ್ ಗಿಫ್'. ಅಲ್ಲಿ ಕೊನೆಯ ಟಕಾರವೇ ಇಲ್ಲ.

ಅದಕ್ಕೇ ಹೇಳೋದು, ಡೇರ್, ಡೀ, ಡಾಸ್ ಬಿಟ್ಟು ಬರೀ ಪದ ಬಾಯಿಪಾಠ ಮಾಡಬೇಡ. ಆಮೇಲೆ ಅಂಟಿಸೋದು ಬಹಳ ಕಷ್ಟ. ಪರಿಚಿತ ಅನ್ನಿಸಿದ ಪದವನ್ನು ಜಾಸ್ತಿ ಅನುಮಾನದಿಂದ ನೋಡು, ನಿಘಂಟಿನಲ್ಲಿ ಅದರ ಮೂಲವನ್ನೂ ಓದು. ಎರಡು ನಿಮಿಷ ಹೆಚ್ಚು ಹಿಡಿಯುತ್ತೆ, ಪದ ಮಾತ್ರ ಮರೆಯಲ್ಲ.

ಮುಂದಿನ ಸಲ ಬರೆಯುವಾಗ ಹೀಗೆ ಹುಡುಕಿದ ಒಂದು ಪದ ನೀನೂ ಕಳಿಸು.

ಇಂತಿ,
ನಿನ್ನ ದೊಡ್ಡಮ್ಮ