ಗಂಜ್‌ನ ಗಂಡಸರ ಬಿಪಿ ನೋಡಲು ಜನ ಕಳಿಸಿರಿ: ಕಲಬುರಗಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ಶರಣು ಶರಣಾರ್ಥಿ.

ನಾನು ಕಲಬುರಗಿ ಗಂಜ್‌ನ, ಅಂದರೆ ಎಪಿಎಂಸಿ ಧಾನ್ಯ ಮಾರುಕಟ್ಟೆಯ, ಅಡತಿ (ದಲ್ಲಾಳಿ) ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ತೊಗರಿ ಸುಗ್ಗಿ ಬಂತೆಂದರೆ ಆಳಂದ, ಅಫಜಲಪುರ, ಚಿತ್ತಾಪುರ, ಸೇಡಂ ಕಡೆಯ ರೈತರು, ಹಮಾಲರು, ಲಾರಿ ಚಾಲಕರು, ದಾಲ್‌ಮಿಲ್ ಕೂಲಿಗಳು ಎಲ್ಲ ಇಲ್ಲೇ ಸೇರುತ್ತಾರೆ. ಹೆಚ್ಚಿನವರು ಗಂಡಸರು. "ಬಿಪಿ ನೋಡಿಸೀರೇನು?" ಎಂದು ಕೇಳಿದರೆ "ನನಗೇನಾಗ್ಯಾದ್ರೀ, ಗುಂಡುಕಲ್ಲಿದ್ದಂಗ ಇದ್ದೀನಿ" ಅನ್ನುತ್ತಾರೆ.

ಬಿಪಿ, ಶುಗರ್ ಎರಡೂ ನೋವು ಕೊಡದೆ ವರ್ಷಗಟ್ಟಲೆ ಮೈಯಲ್ಲಿರುತ್ತವೆ. ಬಿಪಿ 140/90 ದಾಟಿದರೂ ಮನುಷ್ಯ ಚೀಲ ಹೊರುತ್ತಲೇ ಇರುತ್ತಾನೆ. ಲಕ್ವಾ ಹೊಡೆದಾಗಲೋ ಕಿಡ್ನಿ ಕೈಕೊಟ್ಟಾಗಲೋ ಮನೆಯವರಿಗೆ ಗೊತ್ತಾಗುವುದು. ಆಮೇಲೆ ಹೆಂಡತಿ ಒಬ್ಬಳೇ ದುಡಿಯಬೇಕು, ಮಗ ಶಾಲೆ ಬಿಡುತ್ತಾನೆ. ಅಂಥ ಮನೆಗಳನ್ನು ಕಂಡೇ ಈ ಪತ್ರ ಬರೆಯುತ್ತಿದ್ದೇನೆ.

ಇನ್ನು ಗುಟ್ಕಾ. ಖಾರ ತಿಂದರೆ ಬಾಯಿ ಉರಿಯುತ್ತದೆ ಅನ್ನುವ, ಮೂರು ಬೆರಳು ಹಿಡಿಸುವಷ್ಟೂ ಬಾಯಿ ತೆರೆಯಲಾಗದ ಹುಡುಗರು ಇಲ್ಲಿದ್ದಾರೆ. ಆ ಬಿಗಿತ ಮುಂದೆ ಕ್ಯಾನ್ಸರ್ ಆಗಬಹುದು. ಟಾರ್ಚ್ ಹಿಡಿದು ಬಾಯೊಳಗೆ ನೋಡಲು ಎರಡು ನಿಮಿಷ ಸಾಕು.

30 ವರ್ಷ ದಾಟಿದವರ ಬಿಪಿ, ಶುಗರ್, ಬಾಯಿ ಉಚಿತವಾಗಿ ತಪಾಸಿಸುವ ಕಾರ್ಯಕ್ರಮ ಸರ್ಕಾರದ್ದೇ ಇದೆ. ಆದರೆ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಗಂಡಸು ಹೊಲದಲ್ಲೋ ಗಣಿಯಲ್ಲೋ ಇರುತ್ತಾನೆ. ಸಂಜೆ ಅವನು ಬಿಡುವಾಗುವ ಹೊತ್ತಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗ ಮುಚ್ಚಿರುತ್ತದೆ. ಹಗಲು ಹೋದರೆ ಆ ದಿನದ ಕೂಲಿ ಹೋಯಿತು. ಇಂಥವನನ್ನು ತಿಳಿವಳಿಕೆ ಇಲ್ಲದವನು ಎಂದು ಬೈಯುವುದು ನನಗೆ ಸರಿ ಕಾಣುವುದಿಲ್ಲ.

ಹೃದಯಕ್ಕೆ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ, ಸರ್ಕಾರಿ ವೈದ್ಯಕೀಯ ಕಾಲೇಜಿನ ಜಿಮ್ಸ್, ಈ ಆಸ್ಪತ್ರೆಗಳು ನಮ್ಮೂರಲ್ಲೇ ಇರುವುದು ದೊಡ್ಡ ಭಾಗ್ಯ. ಅಲ್ಲಿಗೆ ಹೋಗುವ ಪ್ರಸಂಗವೇ ಬಾರದಂತೆ ಮೊದಲೇ ನೋಡುವ ಕೆಲಸ ಗಂಡಸರು ಇರುವಲ್ಲಿ ನಡೆಯಬೇಕು. ಗಂಜ್‌ನಲ್ಲಿ ಲಿಲಾವು (ಹರಾಜು) ಶುರುವಾಗುವ ಮುಂಚೆ ಒಂದು ಮೇಜು ಹಾಕಿಸಿರಿ. ವಾಡಿ, ಸೇಡಂ ಸಿಮೆಂಟ್ ಕಾರ್ಖಾನೆಗಳ ಗೇಟಿನಲ್ಲಿ ಪಾಳಿ ಬದಲಾಗುವ ಹೊತ್ತಿಗೆ, ಶಹಾಬಾದ್ ಕಲ್ಲುಗಣಿಗಳಲ್ಲಿ, ಸಾರಿಗೆ ನಿಗಮದ ಡಿಪೋಗಳಲ್ಲಿ ತಪಾಸಣೆ ನಡೆಯಲಿ. ಗಣಿಯವರ ಎದೆಯನ್ನೂ ನೋಡಿಸಿರಿ, ಕಲ್ಲಿನ ದೂಳು ಶ್ವಾಸಕೋಶವನ್ನು ತಿನ್ನುತ್ತದೆ. ವಾರಕ್ಕೆ ಒಂದು ದಿನವಾದರೂ ಆರೋಗ್ಯ ಕೇಂದ್ರ ರಾತ್ರಿ 8ರವರೆಗೆ ತೆರೆದಿರಲಿ.

ಬರೀ ಶಿಬಿರ ಮಾಡಿ ಫೋಟೋ ತೆಗೆದು ಹೋದರೆ ಪ್ರಯೋಜನವಿಲ್ಲ. ಬಿಪಿ ಹೆಚ್ಚಿದ್ದವನ ಕೈಗೆ ಅಂಕಿ ಬರೆದ ಚೀಟಿ ಕೊಡಬೇಕು, ಖಚಿತವಾದ ಮೇಲೆ ಗುಳಿಗೆ ಕೊಡಬೇಕು, ತಿಂಗಳಾದ ಮೇಲೆ ಫೋನು ಮಾಡಿ ಕೇಳಬೇಕು. ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗುವವರಿಗೆ ಮೂರು ತಿಂಗಳ ಗುಳಿಗೆ ಒಮ್ಮೆಲೇ ಸಿಗಲಿ.

ಡಿಸೆಂಬರ್‌ನಲ್ಲಿ ಹೊಸ ತೊಗರಿ ಬರಲು ಶುರುವಾಗುತ್ತದೆ. ಅದಕ್ಕೆ ಮುಂಚೆ ಜಿಲ್ಲಾ ಆರೋಗ್ಯಾಧಿಕಾರಿ, ಎಪಿಎಂಸಿ ಕಾರ್ಯದರ್ಶಿ, ಹಮಾಲರ ಮುಖಂಡರನ್ನು ಕೂಡಿಸಿ ಒಂದು ಸಭೆ ಕರೆಯಿರಿ. ಮೇಜು, ನೆರಳು, ಕುಡಿಯುವ ನೀರಿನ ವ್ಯವಸ್ಥೆಗೆ ಅಂಗಡಿ ಮಾಲೀಕರನ್ನು ಒಪ್ಪಿಸುವ ಕೆಲಸ ನನಗೆ ಬಿಡಿ.

ತಮ್ಮ ವಿಶ್ವಾಸಿ,
ಗಂಜ್‌ನ ಒಬ್ಬ ಗುಮಾಸ್ತ, ಕಲಬುರಗಿ